ಒಂಬತ್ತು ಇಂಚು

ಬಿಶಾನ್, ಸಿಂಗಪುರ
೧೪ ಅಕ್ಟೋಬರ್ ೧೯೯೭, ಮಂಗಳವಾರ

ಪ್ರೀತಿಯ ಜಲಜತ್ತೆಗೆ ಋತ್ವಿಕ್ ಮಾಡುವ ನಮಸ್ಕಾರಗಳು.

ನಾನು ನಿಮಗೆ ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಬರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ದ್ವಾರಕನಾಥ ಭಾವ ಭಾನುವಾರವೇ ನಿಮಗೆ ಫೋನ್ ಮಾಡಿ, "ಅವನ ಕಾಗದ ಬಂದ್ರೆ ಒಡೀಬೇಡ ಅಮ್ಮ, ಹಾಗೇ ಒಲೆಗೆ ಹಾಕು" ಎಂದದ್ದು ನನಗೆ ಗೊತ್ತು. ಒಡೆದಿದ್ದೀರಿ ಎಂದುಕೊಂಡೇ ಮುಂದುವರಿಸುತ್ತೇನೆ. ಜುಲೈನಲ್ಲಿ ಇಲ್ಲಿಗೆ ಕಾಲೇಜಿಗೆಂದು ಬಂದವನು ಮೂರು ತಿಂಗಳಲ್ಲಿ ಎರಡೇ ಕಾಗದ ಹಾಕಿದೆ. ಎರಡರಲ್ಲೂ "ಇಲ್ಲಿ ಎಲ್ಲರೂ ಸೌಖ್ಯ" ಎಂದು ಬರೆದೆ. ಅದಕ್ಕೂ ಕ್ಷಮಿಸಿ. ಹಾಸ್ಟೆಲ್‌ನಲ್ಲಿ ಹನ್ನೆರಡು ವರ್ಷ ಭಾನುವಾರದ ಕಾಗದವನ್ನು ವಾರ್ಡನ್ ಓದಿಯೇ ಅಂಚೆಗೆ ಹಾಕುತ್ತಿದ್ದರಲ್ಲ, ಸೌಖ್ಯ ಬಿಟ್ಟು ಬೇರೇನೂ ಬರೆಯಲು ಕೈ ಬಾರದಂತಾಗಿದೆ. ಕನ್ನಡವೂ ಅರ್ಧಂಬರ್ಧ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಮೊದಲು ನೀವು ತಿಳಿಯಬೇಕಾದದ್ದು. ಪ್ರಿಯಕ್ಕನ ಕಣ್ಣು ಉಳಿದಿದೆ. ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎಡಗೈ ಮೂಳೆ ಸೀಳಿದೆ, ಪ್ಲಾಸ್ಟರ್ ಹಾಕಿದ್ದಾರೆ. ಭಾವನ ಹಣೆಗೆ ಏಳು ಹೊಲಿಗೆ ಬಿದ್ದಿವೆ, ಆದರೆ ಅವರು ಆರಾಮಾಗಿ ಓಡಾಡುತ್ತಿದ್ದಾರೆ. ನಿಮ್ಮ ಮಗನ ಬಗ್ಗೆ ನಿಮಗೆ ಚಿಂತೆ ಇರುತ್ತದೆ ಎಂದು ಇದನ್ನೂ ಮೊದಲೇ ಬರೆದೆ.

ಭಾವ ನಿಮಗೆ ಏನು ಹೇಳಿರಬಹುದು ಎಂಬುದನ್ನು ಊಹಿಸಬಲ್ಲೆ. ಪ್ರಿಯಾ ಅಜಾಗರೂಕತೆಯಿಂದ ದೀಪ ಹಿಡಿದು ಕಣ್ಣು ಸುಟ್ಟುಕೊಂಡಳು, ಋತ್ವಿಕನಿಗೆ ಹುಚ್ಚು ಹಿಡಿದು ಗೊಂಬೆ ತೆಗೆದು ನನ್ನ ತಲೆಗೆ ಹೊಡೆದ ಎಂದು. ಅದು ಸುಳ್ಳಲ್ಲ ಅತ್ತೆ. ಹೊಡೆದದ್ದು ನಾನೇ. ಆದರೆ ಭಾವ ಕಡೆಯ ಪುಟವನ್ನು ಮಾತ್ರ ಓದಿ ಹೇಳಿದ್ದಾರೆ. ನಾನು ಮೊದಲಿನಿಂದ ಬರೆಯುತ್ತೇನೆ.

ಭಾವ ಒಂದು ಗೋಸುಂಬೆ ಸಾಕಿದ್ದರು. ಯೆಮೆನ್ ದೇಶದ ಜಾತಿ. ಬಾಲ ಸೇರಿ ಒಂದೂವರೆ ಅಡಿ, ಮೈಮೇಲೆ ಹಸಿರು ಹಳದಿ ಪಟ್ಟೆ, ತಲೆಯ ಮೇಲೆ ಮೈಸೂರು ಪೇಟದಂತೆ ಎತ್ತರದ ಮುಕುಟ. ಅದಕ್ಕೇ ಅದರ ಹೆಸರು ದಿವಾನ್. ಈ ಊರಿನಲ್ಲಿ ಇಂಥದ್ದನ್ನು ಮನೆಯಲ್ಲಿ ಸಾಕುವಂತಿಲ್ಲ, ಕಾನೂನು ಬಿಗಿ. ಭಾವ ಅದನ್ನು ಗಡಿಯಾಚೆ ಮಲೇಷಿಯಾದ ಜೊಹೋರ್‌ನಲ್ಲಿ ಕೊಂಡು ಬಸ್ಸಿನಲ್ಲಿ ತಂದರು. ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್ ದಾಟುವಾಗ ಅದು ಕಾಲುಚೀಲದೊಳಗೆ, ಕಾಲುಚೀಲ ಅಕ್ಕನ ವ್ಯಾನಿಟಿ ಬ್ಯಾಗಿನೊಳಗೆ. ಸಿಕ್ಕಿಬಿದ್ದರೆ ಯಾರು ಸಿಕ್ಕಿಬೀಳಬೇಕು ಎನ್ನುವುದು ಅಂದೇ ತೀರ್ಮಾನವಾಗಿತ್ತು.

ಮೊದಲೆಲ್ಲ ಬೆಳಿಗ್ಗೆ ಹೊತ್ತು ಅದರ ಪಂಜರವನ್ನು ಬಾಲ್ಕನಿಯ ಬಿಸಿಲಿಗೆ ಇಡುತ್ತಿದ್ದರು. ಆಗಸ್ಟ್ ಕೊನೆಗೆ ಹೊಗೆ ಶುರುವಾಯಿತು. ನೀವು ಪೇಪರಿನಲ್ಲಿ ಓದಿರಬಹುದು, ಪಕ್ಕದ ದೇಶದ ಕಾಡುಗಳು ಉರಿದು ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ಹಳೆಯ ತಾಮ್ರದ ಬಿಲ್ಲೆಯ ಹಾಗೆ ಕಾಣುತ್ತಾನೆ. ಎಲ್ಲರ ಮನೆಯ ಕಿಟಕಿಗಳೂ ಮುಚ್ಚಿದವು. ಒಳಗಿನ ಸದ್ದು ಹೊರಗೆ ಹೋಗುವುದೂ ನಿಂತಿತು.

ಬಿಸಿಲಿಲ್ಲದೆ ದಿವಾನ್ ಮಂಕಾಯಿತು. ಭಾವ ಅಮೆರಿಕಕ್ಕೆ ಹೋಗಿ ಬರುತ್ತಿದ್ದ ಒಬ್ಬರ ಕೈಲಿ ವಿಶೇಷ ಟ್ಯೂಬ್‌ಲೈಟ್ ತರಿಸಿದರು. ಭಾವ ಪಾಠ ಮಾಡುವುದು ಬಹಳ ಚೆನ್ನಾಗಿ, ಅದನ್ನು ಒಪ್ಪಬೇಕು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. "ನೋಡೋ ಋತ್ವಿಕ್, ಬಿಸಿಲಲ್ಲಿ ಯೂವಿ-ಬಿ ಅಂತ ಒಂದು ಭಾಗ ಇದೆ. ಅದು ಮೈಮೇಲೆ ಬೀಳ್ದೆ ಇದ್ರೆ ಇವನಿಗೆ ಮೂಳೆ ಗಟ್ಟಿಯಾಗಲ್ಲ, ಕಾಲು ರಬ್ಬರ್ ಥರ ಬಗ್ಗೋಗುತ್ತೆ. ಜಾಸ್ತಿ ಬಿದ್ರೆ ಕಣ್ಣೇ ಹೋಗುತ್ತೆ. ಎರಡರ ಮಧ್ಯೆ ಒಂದು ಜಾಗ ಇದೆ, ನಾನು ಲೆಕ್ಕ ಹಾಕಿದೀನಿ. ಇವನು ಕೂರೋ ಕೊಂಬೆಗೂ ಟ್ಯೂಬಿಗೂ ಒಂಬತ್ತು ಇಂಚು."

ದೀಪವನ್ನು ಪಂಜರದ ಒಳಗೆ ಇಡಬಾರದು, ದಿವಾನ್ ಅದರ ಮೇಲೆ ಹತ್ತಿ ಮೈ ಸುಟ್ಟುಕೊಳ್ಳುತ್ತದೆ. ಹೊರಗೆ, ಜಾಲರಿಯ ಮೇಲೆ ಸರಪಳಿಯಲ್ಲಿ ತೂಗಬೇಕು. ಪಕ್ಕದಿಂದ ಎಂದೂ ಬಿಡಬಾರದು. "ಸೂರ್ಯ ಪಕ್ಕದಿಂದ ಬರ್ತಾನಾ? ಮೇಲಿಂದ ಬರೋ ಬೆಳಕಿಗೆ ಅಷ್ಟೇ ಇವನ ಹುಬ್ಬು ಅಡ್ಡ ಬರುತ್ತೆ." ಅರ್ಧ ಪಂಜರಕ್ಕೆ ಮಾತ್ರ ಬೆಳಕು, ಇನ್ನರ್ಧಕ್ಕೆ ಎಲೆಯ ನೆರಳು, ಸಾಕೆನಿಸಿದಾಗ ಅದು ತಾನೇ ನೆರಳಿಗೆ ಹೋಗುತ್ತದೆ. ಮತ್ತೆ ಗಾಜು. "ಮಧ್ಯೆ ಗಾಜು ಬರಲೇಬಾರ್ದು. ಬರೀ ಬೆಳಕು ದಾಟುತ್ತೆ, ಯೂವಿ ಗಾಜಲ್ಲೇ ಸತ್ತೋಗುತ್ತೆ."

ಈ ಕಡೆಯ ಮಾತನ್ನು ನೆನಪಿಟ್ಟುಕೊಳ್ಳಿ ಅತ್ತೆ. ನಾನು ಇಟ್ಟುಕೊಳ್ಳಲಿಲ್ಲ.

ಆ ಒಂಬತ್ತು ಇಂಚನ್ನು ಅಳೆಯಲು ಒಂದು ಅಡಿಯ ಸ್ಟೀಲ್ ಸ್ಕೇಲ್ ಇತ್ತು. ಪಂಜರಕ್ಕೆ ನೀರು ಚಿಮುಕಿಸಿದರೆ ಎಲೆಗಳು ಭಾರವಾಗಿ ಕೊಂಬೆ ಬಾಗುತ್ತದೆ, ಅಳತೆ ತಪ್ಪುತ್ತದೆ. ದಿನಾ ಬೆಳಿಗ್ಗೆ ಅಳೆದು ಸರಿಮಾಡುವುದು ಅಕ್ಕನ ಕೆಲಸ. ಸಂಜೆ ಭಾವ ಬೂನ್ ಲೇಯಲ್ಲಿರುವ ತಮ್ಮ ಕಾರ್ಖಾನೆಯಿಂದ ಬಂದು, ಶೂ ಸಹ ಬಿಚ್ಚದೆ ಮತ್ತೆ ಅಳೆಯುತ್ತಿದ್ದರು. ಅರ್ಧ ಇಂಚು ತಪ್ಪಿದ್ದರೆ ಐದು ಏಟು. ಅದೇ ಸ್ಕೇಲಿನಲ್ಲಿ, ಮೊಣಕೈ ಮೇಲೆ, ರವಿಕೆಯ ತೋಳು ಮುಚ್ಚುವ ಜಾಗದಲ್ಲಿ. ಒಂದು ಇಂಚಿಗೆ ಹತ್ತು. ಏಟು ಬಿದ್ದ ಮೇಲೆ ಡಬ್ಬಿಯಿಂದ ಒಂದು ಮಿಡತೆ ಹಿಡಿದು ದಿವಾನ್ ಮುಂದೆ ಹಿಡಿಯುತ್ತಿದ್ದರು. ಅದರ ನಾಲಿಗೆ ಗುಂಡಿನ ಹಾಗೆ ಹೊಡೆದು ವಾಪಸು ಹೋಗುತ್ತಿತ್ತು, ಆಮೇಲೆ ಮಿಡತೆಯ ತಲೆ ಮುರಿಯುವ ಕಟುಂ ಎಂಬ ಸದ್ದು. "ಶಭಾಷ್ ದಿವಾನರೇ" ಎನ್ನುವಾಗ ಭಾವನ ದನಿ ಅಷ್ಟು ಮೃದು. ಆ ದನಿಯಲ್ಲಿ ಅವರು ಅಕ್ಕನನ್ನು ಕರೆದದ್ದು ನಾನು ಕೇಳಿಲ್ಲ.

ನಾನೇನು ಮಾಡುತ್ತಿದ್ದೆ ಎಂದು ಕೇಳುತ್ತೀರಿ. ನನ್ನ ರೂಮಿನಲ್ಲಿ ಕೂತು ಎಣಿಸುತ್ತಿದ್ದೆ. ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಹುಡುಗನಿಗೆ ಬೀಳುವಾಗಲೂ ಎಣಿಸುತ್ತಿದ್ದೆ. ಎಣಿಸಿದರೆ ಮುಗಿಯುತ್ತದೆ ಎಂದು ಗೊತ್ತಾಗುತ್ತದೆ.

ಒಮ್ಮೆ ಅಕ್ಕನನ್ನು ಕೇಳಿದೆ, "ಯಾರಿಗಾದ್ರೂ ಹೇಳೋಣ್ವಾ?" ಅವಳು ಚಪಾತಿ ಲಟ್ಟಿಸುತ್ತ, "ಯಾರಿಗೋ? ತವರಿಗೆ ಹೇಳ್ಬೇಕು. ನನ್ ತವರು ಯಾವ್ದು ಹೇಳು" ಎಂದು ನಕ್ಕಳು. ನಿಜ ಅಲ್ಲವೇ ಅತ್ತೆ? ಅಪ್ಪ ಅಮ್ಮ ಹೋದಾಗ ಅವಳಿಗೆ ಹದಿನಾಲ್ಕು, ನನಗೆ ಆರು. ತಮ್ಮನ ಮಕ್ಕಳೆಂದು ನೀವೇ ತೆಗೆದುಕೊಂಡಿರಿ. ನನ್ನನ್ನು ಹಾಸ್ಟೆಲಿಗೆ ಹಾಕಿದಿರಿ, ಅವಳನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದಿರಿ, ಕೈಬಿಡಬಾರದೆಂದು ನಿಮ್ಮ ಮಗನಿಗೇ ತಂದುಕೊಂಡಿರಿ. ಊರಿನವರೆಲ್ಲ ಮೆಚ್ಚಿದರು. ಆದರೆ ಉಳಿದ ಹೆಂಗಸರಿಗೆ ಗಂಡನ ಮನೆಯಿಂದ ಓಡಿಹೋಗಲು ಇನ್ನೊಂದು ಮನೆ ಇರುತ್ತದೆ. ಅಕ್ಕನಿಗೆ ಎರಡೂ ಒಂದೇ ಬಾಗಿಲು.

ಈಗ ನವರಾತ್ರಿಯ ವಿಷಯ. ಅಕ್ಕ ಹಾಲಿನಲ್ಲಿ ಐದು ಮೆಟ್ಟಿಲಿನ ಗೊಂಬೆ ಕೂರಿಸಿದ್ದಳು. ಎಲ್ಲಕ್ಕಿಂತ ಮೇಲೆ ನೀವು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ, ರಕ್ತಚಂದನದ ರಾಜ ರಾಣಿ. ಗುರುವಾರ ಸಂಜೆ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಭಾವನಿಗೆ ಅಂದು ರಾತ್ರಿ ಪಾಳಿ. ನಮ್ಮ ಬ್ಲಾಕಿನಲ್ಲೇ ಮೂರು ಮಹಡಿ ಕೆಳಗಿರುವ ಅಲಮೇಲು ಆಂಟಿ, ಮಂಡ್ಯದ ಕಡೆಯವರು, ಮಗಳು ಧೃತಿಯನ್ನು ಕರೆದುಕೊಂಡು ಬಂದರು. ಆರು ವರ್ಷದ ಆ ಹುಡುಗಿ ಗೊಂಬೆಗಳಿಗೆ ಬೆನ್ನು ಹಾಕಿ ಪಂಜರದ ಮುಂದೆಯೇ ನಿಂತಿತು. "ಆಂಟಿ, ಇದು ನನ್ನನ್ನ ಒಂದು ಕಣ್ಣಲ್ಲಿ ನೋಡ್ತಿದೆ, ಅಮ್ಮನ್ನ ಇನ್ನೊಂದು ಕಣ್ಣಲ್ಲಿ. ಸೋ ಕ್ಲೆವರ್ ಲಾ!"

"ಪ್ರಿಯಾ, ಈ ಸೆಖೇಲಿ ಉದ್ದ ತೋಳಿನ ಬ್ಲೌಸ್ ಯಾಕೇ?" ಎಂದರು ಅಲಮೇಲು ಆಂಟಿ.

"ಹೊಗೆ ಆಂಟಿ, ಅಲರ್ಜಿ."

"ಹೊಗೆ ಮುಖಕ್ಕೆ ತಾಗಲ್ವಾ, ತೋಳಿಗೇ ತಾಗುತ್ತಾ?" ಎಂದು ಅವರು ಅಕ್ಕನನ್ನೇ ನೋಡಿದರು. ಅಷ್ಟರಲ್ಲಿ ಹಾಲಿನ ಟ್ಯೂಬ್‌ಲೈಟ್ ಮಿಣಮಿಣ ಎಂದು ಆರಿಹೋಯಿತು. ಕತ್ತಲಲ್ಲಿ ಆರತಿ ಎತ್ತುವುದು ಹೇಗೆ? ಅಕ್ಕ ಗಡಿಬಿಡಿಯಲ್ಲಿ ದಿವಾನ್‌ನ ದೀಪವನ್ನು ಸರಪಳಿಸಮೇತ ಬಿಚ್ಚಿ ತಂದು ಗೊಂಬೆಗಳ ಮೇಲೆ ತೂಗುಹಾಕಿದಳು. ರಾಜನ ಕಿರೀಟ ಹೊಳೆಯಿತು. ಎಲ್ಲರೂ ಹಾಡಿದರು. ಒಂದು ಗಂಟೆ. ಅವರೆಲ್ಲ ಹೋದಮೇಲೆ ದೀಪ ವಾಪಸು ಹೋಯಿತು, ಆದರೆ ಸರಪಳಿಯ ಕೊಂಡಿ ಎರಡು ಕಣ್ಣಿ ತಪ್ಪಿ ಸಿಕ್ಕಿಕೊಂಡಿತ್ತು. ಅಕ್ಕ ಅಂದು ಬಹಳ ಖುಷಿಯಲ್ಲಿದ್ದಳು, ಅಳೆಯುವುದನ್ನು ಮರೆತಳು.

ಶುಕ್ರವಾರ ಆಯುಧಪೂಜೆ. ಬೆಳಿಗ್ಗೆ ಭಾವ ಬಂದು ಸ್ನಾನ ಮಾಡಿ, ತಮ್ಮ ಸ್ಪ್ಯಾನರ್, ಸ್ಕ್ರೂಡ್ರೈವರ್, ಆ ಸ್ಟೀಲ್ ಸ್ಕೇಲ್, ನನ್ನ ಕ್ಯಾಲ್ಕ್ಯುಲೇಟರ್ ಎಲ್ಲವನ್ನೂ ಮಣೆಯ ಮೇಲಿಟ್ಟು ತಾವೇ ಕುಂಕುಮ ಹಚ್ಚಿ ಹೂವಿಟ್ಟರು. ಮಂಗಳಾರತಿಯಾಯಿತು. ಆಮೇಲೆ ಸ್ಕೇಲನ್ನು ಎತ್ತಿಕೊಂಡು ಪಂಜರದ ಹತ್ತಿರ ಹೋದರು.

"ಏಳು" ಎಂದರು.

ಅಕ್ಕ ತೀರ್ಥದ ಲೋಟ ಹಿಡಿದು ನಿಂತಿದ್ದಳು.

"ಏಳು ಇಂಚು ಪ್ರಿಯಾ. ರಾತ್ರಿಯಿಂದ. ಇವನ ಕಣ್ಣಿಗೆ ಏನಾಗಿರ್ಬೋದು ಗೊತ್ತಾ ನಿಂಗೆ? ಎರಡಿಂಚಿಗೆ ಎಷ್ಟು? ನೀನೇ ಹೇಳು. ಹೇಳೇ!"

"ಇಪ್ಪತ್ತು" ಎಂದಳು ಅಕ್ಕ.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಸ್ಕೇಲಿನ ಮೇಲಿದ್ದ ಕುಂಕುಮ ಅಕ್ಕನ ತೋಳಿಗೆ ಹತ್ತಿದ್ದನ್ನು ನೋಡಿ ಮೊದಲ ಏಟಿಗೇ ರಕ್ತ ಬಂತೆಂದುಕೊಂಡೆ. ರಕ್ತ ಬಂದದ್ದು ಹನ್ನೊಂದನೆಯದಕ್ಕೆ. ಹದಿನಾಲ್ಕಕ್ಕೆ ಸ್ಕೇಲ್ ಬಗ್ಗಿತು. ಭಾವ ಅದನ್ನು ಬಿಸಾಡಿ ದೀಪವನ್ನೇ ಸರಪಳಿಯಿಂದ ಕಿತ್ತರು. ಅಕ್ಕ ಎಡಗೈ ಮುಖಕ್ಕೆ ಅಡ್ಡ ಹಿಡಿದಳು. ಟ್ಯೂಬು ಅವಳ ಕೈಮೇಲೆ ಡಬ್ ಎಂದು ಒಡೆದು ಬಿಳಿ ಪುಡಿ ಹಾರಿತು, ಮೇಲಿನ ತಗಡಿನ ಮುಚ್ಚಳವೂ ಕಿತ್ತುಬಂತು. ಅವಳ ಕೂದಲಲ್ಲಿ ಗಾಜಿನ ಚೂರು. ಚಪ್ಪಲಿಯಿಲ್ಲದ ಕಾಲಲ್ಲಿ ಅವಳು ಆ ಚೂರುಗಳ ಮೇಲೇ ನಡೆದು ಪೊರಕೆ ತಂದಳು, ಯಾಕೆಂದರೆ ದಿವಾನ್‌ಗೆ ಗಾಜು ಚುಚ್ಚಬಾರದು ಎಂದು ಭಾವ ಕೂಗಾಡುತ್ತಿದ್ದರು.

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ ಲ್ಯಾಬಲ್ಲಿ ಯೂವಿ ಟ್ಯೂಬ್ ಇರುತ್ತಲ್ಲ. ಇದೇ ಸೈಜು. ಸಂಜೆ ಬರ್ತಾ ತಗೊಂಡ್ ಬಾ. ಇಲ್ಲಾಂದ್ರೆ ನಿನಗೂ ಎಣಿಸ್ತೀನಿ."

ಲ್ಯಾಬಿನಲ್ಲಿ ಮಿಸ್ಟರ್ ಓಂಗ್ ಎಂಬ ವಯಸ್ಸಾದ ಟೆಕ್ನಿಷಿಯನ್ ಇದ್ದಾರೆ. ಕ್ರಿಮಿ ಕೊಲ್ಲಲು ಗಾಜಿನ ಪೆಟ್ಟಿಗೆಗಳಲ್ಲಿ ಹಾಕುವ ಟ್ಯೂಬುಗಳನ್ನು ಅವರು ಆ ವಾರ ಬದಲಿಸಿದ್ದರು. ಹಳೆಯವು ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಅವರು ಊಟಕ್ಕೆ ಹೋದಾಗ ಒಂದನ್ನು ಚಾರ್ಟಿನ ಹಾಳೆಯಲ್ಲಿ ಸುತ್ತಿಕೊಂಡು ಬಂದೆ. ಅದರ ಮೇಲೆ ಏನು ಬರೆದಿತ್ತು ಎಂದು ಗಡಿಬಿಡಿಯಲ್ಲಿ ನೋಡಲಿಲ್ಲ. ಕದ್ದದ್ದು ತಪ್ಪು. ಆದರೆ ಯೂವಿ ಎಂದರೆ ಎಲ್ಲವೂ ಒಂದೇ ಎಂದು ಭಾವನಿಗೂ ಅನ್ನಿಸಿತ್ತು, ಮೊದಲ ವರ್ಷದ ನನಗೂ ಅನ್ನಿಸಿತು. ಭಾವ ಅದನ್ನು ತಿರುಗಿಸಿ ನೋಡಿ, "ಒಳಗೆ ಬಿಳಿ ಬಳಿದೇ ಇಲ್ವಲ್ಲೋ?" ಎಂದರು. "ಲ್ಯಾಬಿನದ್ದು ಹಾಗೇ ಭಾವ" ಎಂದೆ.

ಶನಿವಾರ ವಿಜಯದಶಮಿ. ತೂಗುಹಾಕುವ ಕೊಂಡಿ ಹಿಂದಿನ ದಿನ ಮುರಿದಿತ್ತು. ಭಾವ, "ಕೊಂಡಿ ಸೋಮವಾರ ತರ್ತೀನಿ. ಇವತ್ತಿನ ಬಿಸಿಲನ್ನ ನಿನ್ ಕೈಯಲ್ಲೇ ಕೊಡು. ಒಂಬತ್ತು ಇಂಚು ಅಂದ್ರೆ ಏನು ಅಂತ ಮೈಗೆ ಹತ್ಲಿ" ಎಂದರು. ಹತ್ತು ಗಂಟೆಯಿಂದ ಹನ್ನೆರಡರವರೆಗೆ ಅಕ್ಕ ಪಂಜರದ ಪಕ್ಕ ನಿಂತು, ಮುಚ್ಚಳವಿಲ್ಲದ ಹೋಲ್ಡರಿಗೆ ಸಿಕ್ಕಿಸಿದ ಆ ಬೋಳು ಟ್ಯೂಬನ್ನು ಒಂದು ಕೈಯಲ್ಲಿ ಜಾಲರಿಯ ಮೇಲೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆ ಸೊಟ್ಟ ಸ್ಕೇಲನ್ನು ಹಿಡಿದು ಕೊಂಬೆಯಿಂದ ಅಳೆಯುತ್ತಲೇ ಇದ್ದಳು. ಅಳತೆ ನೋಡಲು ಮುಖ ಹತ್ತಿರ ತರಬೇಕು. ಟ್ಯೂಬು ಅವಳ ಕಣ್ಣಿಗೆ ಒಂದು ಅಡಿಯಷ್ಟೂ ದೂರವಿರಲಿಲ್ಲ. ತೆಳು ನೀಲಿ ಬೆಳಕು, ಮಿಂಚು ಹೊಡೆದ ಮೇಲಿನಂಥ ವಾಸನೆ. ಭಾವ ಎದುರಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಅವಳ ಕೈ ಸೋತು ಟ್ಯೂಬು ಇಳಿದರೆ ಸುಮ್ಮನೆ ತಲೆಯೆತ್ತಿ ನೋಡುತ್ತಿದ್ದರು, ಅದು ಮತ್ತೆ ಏರುತ್ತಿತ್ತು. ಮೂಳೆ ಸೀಳಿದ್ದು ಆ ಕೈಯೇ ಅತ್ತೆ. ಆಗ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಆರಕ್ಕೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಹೊತ್ತು. ಅಕ್ಕ ರಾಣಿಯನ್ನು ಎತ್ತಿಕೊಂಡವಳು, "ಹೊಗೆ ಕಣ್ಣಿಗೆ ತುಂಬ ತಾಗಿದೆ ಕಣೋ, ಮರಳು ಹಾಕ್ದಂಗೆ ಆಗ್ತಿದೆ" ಎಂದಳು. ಹದಿನೈದು ನಿಮಿಷದಲ್ಲಿ ರೆಪ್ಪೆಗಳು ಊದಿ ಮುಚ್ಚಿಹೋದವು. ಮುಖ ಬೆಂದ ಹಾಗೆ ಕೆಂಪು. ಅವಳು ನೆಲದ ಮೇಲೆ ಕೂತು ಗೋಡೆಗೆ ಹಣೆ ಉಜ್ಜತೊಡಗಿದಳು. ಅದೇ ಹೊತ್ತಿಗೆ ಭಾವ ಮಿಡತೆ ಡಬ್ಬಿ ಹಿಡಿದು ಪಂಜರದ ಹತ್ತಿರ ಹೋದರು. ದಿವಾನ್ ಕೊಂಬೆಯ ಮೇಲಿರಲಿಲ್ಲ. ತಳದಲ್ಲಿ ಮಸಿಯಷ್ಟು ಕಪ್ಪಾಗಿ ಬಿದ್ದಿತ್ತು, ಎರಡು ಕಣ್ಣುಗಳೂ ಒಳಗೆ ಸೇರಿ ಮುಚ್ಚಿದ್ದವು.

"ಏನೇ ಮಾಡ್ದೆ ಇವನಿಗೆ?"

ಅಕ್ಕನಿಗೆ ಅವರು ಎಲ್ಲಿದ್ದಾರೆಂದೇ ಕಾಣುತ್ತಿರಲಿಲ್ಲ. ದನಿ ಬಂದ ಕಡೆ ಕೈ ಜೋಡಿಸಿದಳು. ಭಾವ ಅವಳ ಜಡೆ ಹಿಡಿದು ಹಾಲಿನುದ್ದಕ್ಕೂ ಎಳೆದರು, ಪಂಜರದ ಕಾಲಿಗೆ ತಲೆ ಕುಟ್ಟಿದರು. "ನೋಡೇ! ಕಣ್ಬಿಟ್ಟು ನೋಡು ಅವನ್ನ!" ಅವಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಬಿಡಿಸಲು ಹೋದರು. ಅವಳು ಕಿರುಚಿದ ಸದ್ದು ಎಂಥದ್ದೆಂದು ಬರೆಯಲು ನನಗೆ ಕನ್ನಡದಲ್ಲೂ ಬರುವುದಿಲ್ಲ, ಇಂಗ್ಲಿಷ್‌ನಲ್ಲೂ ಬರುವುದಿಲ್ಲ.

ನಾನು ಎಣಿಸುತ್ತಿದ್ದೆ. ಆರಕ್ಕೆ ಎಣಿಕೆ ತಪ್ಪಿತು. ಕೈಗೆ ರಾಜ ಸಿಕ್ಕಿದ. ರಕ್ತಚಂದನ ಎಷ್ಟು ಭಾರವೆಂದು ಎತ್ತಿದವರಿಗೇ ಗೊತ್ತು. ಮೊದಲ ಏಟು ಭಾವನ ಹೆಗಲಿಗೆ ಬಿತ್ತು. ಅವರು ತಿರುಗಿದರು. ಎರಡನೆಯದು ಹಣೆಗೆ. ಕನ್ನಡಕ ಒಡೆದು ಅವರು ಗೊಂಬೆಯ ಮೆಟ್ಟಿಲ ಮೇಲೆ ಮಗುಚಿಕೊಂಡರು. ಐದೂ ಮೆಟ್ಟಿಲು ಕುಸಿದವು. ಮೂರನೆಯದನ್ನೂ ಹೊಡೆದೆ ಅತ್ತೆ, ಅವರು ಬಿದ್ದಮೇಲೆ. ಅದನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ಒಂದು ರೀತಿಯ ಸುಖವಿತ್ತು, ಅದಕ್ಕೇ ಭಯವಾಗುತ್ತದೆ.

ಅಕ್ಕ ನೆಲ ತಡವುತ್ತ ಕೇಳುತ್ತಿದ್ದಳು, "ಯಾರಿಗ್ ಬಿತ್ತು? ಋತ್ವಿ, ಯಾರಿಗೋ ಬಿತ್ತು?"

"ಭಾವಂಗೆ" ಎಂದೆ.

ಅವಳು, "ಗೊಂಬೆ ಒಡೀತಾ?" ಎಂದಳು.

ಮೂರು ಮಹಡಿ ಕೆಳಗಿನಿಂದ ಅಲಮೇಲು ಆಂಟಿ ಓಡಿ ಬಂದರು. ಮುಚ್ಚಿದ ಕಿಟಕಿಯನ್ನೂ ದಾಟಿ ಆ ಕಿರುಚು ಅವರಿಗೆ ಕೇಳಿಸಿತ್ತು. ಟ್ಯಾಕ್ಸಿ ಕರೆಸಿ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅವರೇ. ಡಾಕ್ಟರಮ್ಮ ಮೊದಲು ಕೇಳಿದ್ದು, "ವೆಲ್ಡಿಂಗ್ ಕೆಲಸ ಮಾಡ್ತೀರಾ?" ಎಂದು. ಅಂಥ ಸುಟ್ಟ ಗಾಯವಂತೆ, ಮೂರು ದಿನದಲ್ಲಿ ಮಾಯುತ್ತದಂತೆ. ಆಮೇಲೆ ಕೈಯ ಎಕ್ಸ್‌ರೇ ಬಂತು. ಅವರು ಅದನ್ನು ಬೆಳಕಿಗೆ ಹಿಡಿದು ಮೂರು ಕಡೆ ಬೆರಳಿಟ್ಟು ತೋರಿಸಿದರು. ಒಂದು ಹೊಸದು, ಎರಡು ಹಳೆಯವು, ತಾವಾಗಿಯೇ ಕೂಡಿಕೊಂಡವು. "ಬಿದ್ದರೆ ಇಲ್ಲಿ ಮುರಿಯುವುದಿಲ್ಲ. ಮುಖಕ್ಕೆ ಅಡ್ಡ ಕೈ ಹಿಡಿದರೆ ಇಲ್ಲಿ ಮುರಿಯುತ್ತದೆ" ಎಂದರು.

ಆಗ ನನಗೆ ನಿಮ್ಮ ಎಡಗೈ ಕಿರುಬೆರಳು ನೆನಪಾಯಿತು ಅತ್ತೆ. ರುಬ್ಬುಗುಂಡು ಬಿದ್ದು ಸೊಟ್ಟಗಾಯಿತು ಎಂದು ನಮಗೆಲ್ಲ ಹೇಳಿದ್ದೀರಿ. ಪಟ್ಟಾಭಿರಾಮ ಮಾವ ತಮ್ಮ ಮೇಜಿನ ಮೇಲೆ ಕಪ್ಪು ಮರದ ರೂಲುದೊಣ್ಣೆ ಇಟ್ಟುಕೊಂಡಿರುತ್ತಿದ್ದರು, ಅವರು ಹೋದ ಹನ್ನೊಂದನೆಯ ದಿನವೇ ನೀವದನ್ನು ಹಂಡೆ ಒಲೆಗೆ ಹಾಕಿದಿರಿ. ಮರೆಯಲ್ಲಿ ನಿಂತು ನೋಡಿದ್ದೆ. ಕೇಳುವುದು ನನ್ನ ಬಾಯಿಗೆ ಮೀರಿದ್ದು. ಕೇಳುವುದಿಲ್ಲ.

ದಿವಾನ್ ಸೋಮವಾರ ಸತ್ತಿತು. ಭಾವ ಅದನ್ನು ತಮ್ಮ ಒಳ್ಳೆಯ ಕರ್ಚೀಫಿನಲ್ಲಿ ಸುತ್ತಿ, ಬಿಕ್ಕಿಬಿಕ್ಕಿ ಅತ್ತು, ಬ್ಲಾಕಿನ ಹಿಂದಿನ ಹುಲ್ಲಿನಲ್ಲಿ ಹೂತರು. ಹಣೆಯ ಗಾಯಕ್ಕೆ ಕಾರಣ ಕೇಳಿದ ಆಸ್ಪತ್ರೆಯವರಿಗೆ ಜಾರಿಬಿದ್ದೆ ಎಂದರಂತೆ. ಪೊಲೀಸರು ಬಂದರೆ ಪಂಜರ ಕಾಣುತ್ತದಲ್ಲ. ಅಲಮೇಲು ಆಂಟಿ ಅದನ್ನೇ ಹಿಡಿದುಕೊಂಡರು. ಭಾನುವಾರ ಬಾಗಿಲಲ್ಲೇ ನಿಂತು, ಭಾವ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವವರೆಗೆ ಕಾದು, ಹೇಳಿದರು. "ಹೆಂಡ್ತಿ ವಿಷ್ಯ ಮನೆ ವಿಷ್ಯ ಅಂತೀರಿ. ಸರಿ ಸಾರ್. ಗೋಸುಂಬೆ ವಿಷ್ಯ ಸರ್ಕಾರದ್ದು. ಪ್ರಿಯಾ ಪಾಸ್‌ಪೋರ್ಟ್ ಕೊಡ್ತೀರೋ, ನಾನು ಫೋನ್ ಮಾಡ್ಲೋ?" ಭಾವ ಪಾಸ್‌ಪೋರ್ಟನ್ನು ನೆಲಕ್ಕೆ ಎಸೆದರು. ಆಂಟಿ ಬಗ್ಗಿ ಎತ್ತಿಕೊಂಡರು. "ಥ್ಯಾಂಕ್ಯೂ ಸಾರ್. ಬ್ಯಾಂಡೇಜ್ ಒದ್ದೆ ಮಾಡ್ಕೋಬೇಡಿ."

ಈಗ ಅಕ್ಕ ಮತ್ತು ನಾನು ಆಂಟಿಯ ಮನೆಯಲ್ಲಿದ್ದೇವೆ. ಧೃತಿ ಅಕ್ಕನ ಪ್ಲಾಸ್ಟರಿನ ಮೇಲೆ ಹೂವು ಬರೆದಿದೆ. ಆಂಟಿ ಅಕ್ಕನಿಗೆ ಇಪ್ಪತ್ತೆಂಟನೇ ತಾರೀಖಿನ ಟಿಕೆಟ್ ಕಾದಿರಿಸಿದ್ದಾರೆ. ಆದರೆ ಅಕ್ಕ ಹೋಗುವುದಿಲ್ಲ ಎನ್ನುತ್ತಾಳೆ. "ಅದೂ ಅವರ ಮನೇನೇ ಕಣೋ. ದೀಪಾವಳಿಗೆ ಅವರು ಬರ್ತಾರೆ. ಅತ್ತೆ ಹೋದ್ಸಲದ ಥರಾನೇ ಎಂಟು ದಿನ ಎಣ್ಣೆ ನೀರು ಹಾಕಿ, ಅರಿಶಿನ ಹಚ್ಚಿ ವಾಪಸ್ ಕಳಿಸ್ತಾರೆ. ಅವರಿಗಾದ್ರೂ ಇರೋನು ಒಬ್ಬನೇ ಮಗ." ಹೋದ ಯುಗಾದಿಗೆ ಬಂದಾಗ ಅವಳ ಕತ್ತಿನ ಗಾಯಕ್ಕೆ ನೀವು ಬೆಣ್ಣೆ ಹಚ್ಚಿದ್ದನ್ನು ಹೇಳಿ ಅವಳು ಇಂದಿಗೂ ಕಣ್ಣೀರು ಹಾಕುತ್ತಾಳೆ. ಒಂಬತ್ತನೆಯ ದಿನ ಏರ್‌ಪೋರ್ಟಿಗೆ ನೀವೇ ಕಾರು ಹೇಳಿಸಿದ್ದನ್ನು ಮಾತ್ರ ಹೇಳುವುದಿಲ್ಲ.

ಅದಕ್ಕೇ ಈ ಕಾಗದ. ಪಟ್ಟದ ಗೊಂಬೆ ತವರಿನವರು ಕೊಡುವುದು. ಅಕ್ಕನಿಗೆ ಅದನ್ನು ಕೊಟ್ಟವರು ನೀವು. ಅವಳು ತವರಿಗೆ ಬರುತ್ತೇನೆಂದು ಬಂದರೆ, ಭಾವ ಗೇಟಿನಲ್ಲಿ ನಿಂತು ಅಮ್ಮಾ ಎಂದು ಕರೆದರೆ, ನೀವು ಏನು ಮಾಡುತ್ತೀರಿ? ನೀವು ಬಾ ಎಂದು ಒಂದು ಗೆರೆ ಬರೆದರೆ ಅವಳು ವಿಮಾನ ಹತ್ತುತ್ತಾಳೆ. ಇಲ್ಲದಿದ್ದರೆ ಮೂರು ಮಹಡಿ ಹತ್ತುತ್ತಾಳೆ. ನನಗೆ ಅವಳು ಗೊತ್ತು.

ರಾಜನ ಒಂದು ಕೈ ಮುರಿದಿದೆ. ರಾಣಿಗೆ ಏನೂ ಆಗಿಲ್ಲ, ಅವಳನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದೇವೆ. ನಿಮ್ಮ ಕಾಲುನೋವು ಕಡಿಮೆಯಾಗಲಿ. ನನ್ನನ್ನು ಹರಸುವ ಮನಸ್ಸು ಈಗ ಇಲ್ಲದಿದ್ದರೆ ಅದರ ಪಾಲನ್ನೂ ಅಕ್ಕನಿಗೇ ಕೊಡಿ.

ನಿಮ್ಮ ತಮ್ಮನ ಮಗ,
ಋತ್ವಿಕ್

ಮತ್ತೆ ಬರೆದದ್ದು: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಟ್ಯೂಬಿನ ಮೇಲೆ ಏನು ಬರೆದಿತ್ತೆಂದು ನೋಡಲಿಲ್ಲ ಎಂದಿದ್ದೇನಲ್ಲ, ಅದು ಸುಳ್ಳು. ಹಳದಿ ಚೀಟಿಯಿತ್ತು. ಕಣ್ಣಿಗೂ ಚರ್ಮಕ್ಕೂ ಅಪಾಯ, ಉರಿಯುವಾಗ ನೋಡಬಾರದು ಎಂದಿತ್ತು. ಮಿಸ್ಟರ್ ಓಂಗ್ ಮೊದಲ ವಾರವೇ ನಮಗೆಲ್ಲ ಎಚ್ಚರಿಸಿದ್ದರು. ಆ ಚೀಟಿಯನ್ನು ನಾನು ಎಂಆರ್‌ಟಿ ರೈಲಿನಲ್ಲಿ ಎರಡು ಸ್ಟೇಷನ್‌ಗಳ ನಡುವೆ ಉಗುರಿನಿಂದ ಕಿತ್ತೆ. ದಿನಾ ಸಂಜೆ ಎರಡು ಗಂಟೆ ಹೊತ್ತು ಆ ದೀಪದ ಎದುರು ಕೂರುವವರು ಭಾವ ಒಬ್ಬರೇ. ಅವರ ಕಣ್ಣು ಹೋಗಲಿ ಎಂದುಕೊಂಡೆ. ಅವರು ಕನ್ನಡಕ ಹಾಕುತ್ತಾರೆ, ಗಾಜನ್ನು ಯೂವಿ ದಾಟುವುದಿಲ್ಲ ಎಂದು ಅವರೇ ಹೇಳಿಕೊಟ್ಟದ್ದು ನನಗೆ ಹೊಳೆಯಲೇ ಇಲ್ಲ. ಶನಿವಾರ ಹತ್ತರಿಂದ ಹನ್ನೆರಡರವರೆಗೆ ನಾನು ಪಕ್ಕದ ರೂಮಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡಿಗೆ ಚಿತ್ರ ಬರೆಯುತ್ತಿದ್ದೆ. ಬಾಗಿಲ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು, ಆ ನೀಲಿ ಬೆಳಕೂ. ಅಕ್ಕಾ ಕಣ್ಣು ಮುಚ್ಚಿಕೋ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಿದರೆ ಚೀಟಿಯ ವಿಷಯ ಹೊರಬರುತ್ತದೆ, ನನಗೆ ಬೀಳುತ್ತದೆ ಎಂದು ಕೂಗಲಿಲ್ಲ. ನೂರಿಪ್ಪತ್ತು ನಿಮಿಷ. ಎಣಿಸಿದೆ. ಅಕ್ಕ ಈಗ ಬಂದವರಿಗೆಲ್ಲ, ನನ್ನ ತಮ್ಮ ನನ್ನನ್ನು ಉಳಿಸಿದ ಎಂದು ಹೇಳುತ್ತಿದ್ದಾಳೆ. ಚೀಟಿ ನನ್ನ ಪರ್ಸಿನಲ್ಲೇ ಇದೆ. ನನ್ನನ್ನು ಮನೆಗೆ ಸೇರಿಸಬೇಡಿ, ಅವಳನ್ನು ಸೇರಿಸಿ. ಅಲಮೇಲು ಆಂಟಿಯ ವಿಳಾಸ ಲಕೋಟೆಯ ಹಿಂದಿದೆ. ಇಪ್ಪತ್ತೆಂಟರೊಳಗೆ ತಲುಪಬೇಕು, ಟೆಲಿಗ್ರಾಂ ಆದರೂ ಸರಿ. ದಯವಿಟ್ಟು ಬೇಗ ಉತ್ತರ ಕಳಿಸಿ.